ಲೇಖಕರ ಪಟ್ಟಿಯಲ್ಲಿ ಹೆಸರು ಬರುತ್ತದೆಯೇ ಎಂದು ಗೈಡ್ ಅವರನ್ನು ಯಾವಾಗ ಕೇಳಬೇಕು?

ನಿಮ್ಮ ಸಂಶೋಧನೆಯ ಮಾರ್ಗದರ್ಶಕರಾದ ಗೈಡ್ ಜೊತೆ ಸಂಶೋಧನಾ ಪೇಪರ್‌ಗಾಗಿ ಕೆಲಸ ಮಾಡುತ್ತಿರುವ ನೀವು, ಲೇಖಕರ ಪಟ್ಟಿಯಲ್ಲಿ ಹೆಸರಿನ ಮಾತನ್ನು ಯಾವಾಗ ಎತ್ತಬೇಕು ಎಂದು ಕೇಳಿ, ‘ಪೇಪರ್ ಒಂದು ಹಂತಕ್ಕೆ ಬರಲಿ, ಈಗಲೇ ಕೇಳಿದರೆ ದುರಾಸೆ ಎನಿಸೀತು’ ಎಂದೂ ಬರೆದಿದ್ದೀರಿ. ವಿದ್ಯಾರ್ಥಿಯಾಗಿದ್ದಾಗ ನಾನೂ ಹೀಗೆಯೇ ಅಂದುಕೊಂಡು ಸುಮ್ಮನಿದ್ದೆ. ದತ್ತಾಂಶ ಕಲೆಹಾಕಿ, ತಪ್ಪು ತಿದ್ದಿ, ವಿಶ್ಲೇಷಣೆ ಮಾಡಿದ್ದು ನಾನು. ಪೇಪರನ್ನು ಸಂಶೋಧನಾ ಪತ್ರಿಕೆಗೆ ಕಳುಹಿಸಿದ ಮೇಲೆ ಅದರ ಪ್ರತಿ ನನ್ನ ಕೈಗೆ ಬಂತು. ಮೊದಲ ಪುಟದಲ್ಲಿ ನನ್ನ ಹೆಸರಿರಲಿಲ್ಲ; ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ‘ತಾಂತ್ರಿಕ ನೆರವಿಗಾಗಿ’ ಎಂದಿತ್ತು.

ಗೈಡ್ ಅವರನ್ನು ಕೇಳಿದೆ. ‘ನೀನು ಬರವಣಿಗೆಯಲ್ಲಿ ಇರಲಿಲ್ಲವಲ್ಲ’ ಎಂದರು. ನಾನು ಎಡವಿದ್ದು ಅಲ್ಲೇ. ಕರಡು ತಯಾರಾಗುತ್ತಿದೆ ಎಂದು ಗೊತ್ತಿದ್ದೂ ‘ವಿಧಾನದ ಭಾಗವನ್ನು ನಾನು ಬರೆಯುತ್ತೇನೆ’ ಎನ್ನಲಿಲ್ಲ, ಓದಲು ಕೊಡಿ ಎಂದೂ ಕೇಳಲಿಲ್ಲ. ಕರೆದರೆ ಹೋಗೋಣ ಎಂದು ಕಾದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರೆನಿಸಲು 4 ಷರತ್ತುಗಳಿವೆ: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ಗಂಭೀರ ಪರಿಷ್ಕರಣೆ, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸದ ಹೊಣೆ. ನಾಲ್ಕೂ ಬೇಕು. ಮೊದಲನೆಯದನ್ನು ಪೂರೈಸಿದವರಿಗೆ ಉಳಿದವುಗಳಿಗೆ ಅವಕಾಶ ಕೊಡಬೇಕು ಎಂದೂ ಅದೇ ಸಮಿತಿ ಹೇಳುತ್ತದೆ. ಈ ಮಾತು ಗೊತ್ತಿದ್ದಿದ್ದರೆ ಸಮಯಕ್ಕೆ ಸರಿಯಾಗಿ ಬಾಯಿ ಬಿಡುತ್ತಿದ್ದೆ. ಒಮ್ಮೆ ಸಲ್ಲಿಸಿದ ಮೇಲೆ ಹೆಸರು ಸೇರಿಸಬೇಕಾದರೆ ಪತ್ರಿಕೆಗಳು ಸಾಮಾನ್ಯವಾಗಿ ಕಾರಣವನ್ನೂ ಎಲ್ಲ ಲೇಖಕರ ಲಿಖಿತ ಒಪ್ಪಿಗೆಯನ್ನೂ ಕೇಳುತ್ತವೆ. ನನ್ನ ಪರವಾಗಿ ಅಷ್ಟು ಓಡಾಡುವವರು ಯಾರೂ ಇರಲಿಲ್ಲ.

ಆದ್ದರಿಂದ ದುರಾಸೆಯ ಮಾತನ್ನು ಬಿಡಿ. ಲೇಖಕನಾಗುವುದೆಂದರೆ ಹೊಣೆ ಹೊರುವುದೂ ಹೌದು. ಹೊಣೆ ಕೇಳುವವರನ್ನು ಒಳ್ಳೆಯ ಗೈಡ್ ತಪ್ಪು ತಿಳಿಯುವುದಿಲ್ಲ. ‘ನನ್ನ ಹೆಸರು ಹಾಕುತ್ತೀರಾ ಸರ್’ ಎಂದು ಕೇಳಬೇಡಿ, ಆ ಪ್ರಶ್ನೆಗೆ ‘ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಈ ಪೇಪರ್‌ನಲ್ಲಿ ಲೇಖಕಳಾಗಲು ನಾನು ಇನ್ನೇನು ಮಾಡಬೇಕು, ಯಾವ ಭಾಗ ಬರೆಯಲಿ?’ ಎಂದು ಕೇಳಿ. ಮಾತಾದ ದಿನವೇ ‘ನಾವು ಮಾತಾಡಿದಂತೆ’ ಎಂದು ಆರಂಭಿಸಿ ಒಂದು ಚಿಕ್ಕ ಇಮೇಲ್ ಕಳುಹಿಸಿ.

ಹೆಸರುಗಳ ಕ್ರಮದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಗಣಿತದಲ್ಲಿ ಸಾಮಾನ್ಯವಾಗಿ ಅಕಾರಾದಿ ಕ್ರಮ, ಪ್ರಯೋಗಾಲಯದ ವಿಜ್ಞಾನಗಳಲ್ಲಿ ಮೊದಲ ಹೆಸರಿಗೆ ಹೆಚ್ಚು ತೂಕ. ನಿಮ್ಮ ವಿಭಾಗದ ರೂಢಿಯನ್ನು ಹಿರಿಯ ವಿದ್ಯಾರ್ಥಿಗಳಿಂದ ತಿಳಿದುಕೊಳ್ಳಿ. ಗೈಡ್ ಜೊತೆ ಮಾತಾಡುವುದನ್ನು ಮಾತ್ರ ಕರಡು ಶುರುವಾಗುವ ಮೊದಲೇ ಮುಗಿಸಿ.