ಸಮುದ್ರ ಜೀವಿಗಳಿಗೆ ಬಣ್ಣ ಬರುವುದು ತಿನ್ನುವ ಆಹಾರದಿಂದಲೇ?

ಎಲ್ಲ ಬಣ್ಣವೂ ಅಲ್ಲ. ಕಪ್ಪು, ಕಂದು ಕೊಡುವ ಮೆಲನಿನ್ ಅನ್ನು ಪ್ರಾಣಿಗಳು ತಾವೇ ತಯಾರಿಸಿಕೊಳ್ಳುತ್ತವೆ. ಆದರೆ ಹಳದಿ, ಕಿತ್ತಳೆ, ಕೆಂಪು ಕೊಡುವ ಕ್ಯಾರೊಟಿನಾಯ್ಡ್‌ಗಳಿಗೆ ಹೆಚ್ಚುಕಮ್ಮಿ ಎಲ್ಲವೂ ಊಟವನ್ನೇ ನಂಬಿವೆ. ಮೂಲ ಉತ್ಪಾದಕರು ಮುಖ್ಯವಾಗಿ ಪಾಚಿಗಳು. ಸೂಕ್ಷ್ಮ ಪಾಚಿ ತಿನ್ನುವ, ಸಿಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು ಅದರ ವರ್ಣದ್ರವ್ಯವನ್ನು ಆಸ್ಟಾಕ್ಸಾಂಥಿನ್ ಎಂಬ ಕೆಂಪು ಕ್ಯಾರೊಟಿನಾಯ್ಡ್ ಆಗಿ ಮಾರ್ಪಡಿಸುತ್ತವೆ. ಅವನ್ನು ತಿಂದ ಸಾಲ್ಮನ್ ಅದನ್ನು ಮಾಂಸಖಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮೀನು ಅದನ್ನು ಮೊಟ್ಟೆಗಳಿಗೆ ಸಾಗಿಸುತ್ತದೆ. ಸಾಕಣೆಯ ಸಾಲ್ಮನ್‌ಗೆ ಮೇವಿನಲ್ಲಿ ಇದನ್ನು ಬೆರೆಸದಿದ್ದರೆ ಮಾಂಸ ಬೂದುಬಣ್ಣಕ್ಕೆ ತಿರುಗುತ್ತದೆ.

ಅದೇ ದ್ರವ್ಯ ಲಾಬ್‌ಸ್ಟರ್ ಚಿಪ್ಪಿನಲ್ಲಿ ಕ್ರಸ್ಟಾಸಯನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕಡುನೀಲಿಯಾಗಿ ಕಾಣುತ್ತದೆ. ಬೇಯಿಸಿದಾಗ ಪ್ರೋಟೀನಿನ ಆಕಾರ ಕೆಟ್ಟು, ಅಡಗಿದ್ದ ಕೆಂಪು ಹೊರಬೀಳುತ್ತದೆ.

ನನಗೆ ಇವೆಲ್ಲಕ್ಕಿಂತ ಸೋಜಿಗವೆನಿಸುವುದು ಕಡಲ ಮೊಲ ಎಂಬ, ಬಸವನಹುಳುವಿನ ಸಂಬಂಧಿ. ಕೆಂಪು ಪಾಚಿ ಮೇಯ್ದು, ಅದರಲ್ಲಿನ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣದ್ರವ್ಯದಿಂದ ನೇರಳೆ ಶಾಯಿ ಸಿದ್ಧಪಡಿಸಿಕೊಂಡು, ತಿನ್ನಲು ಬಂದವರತ್ತ ಚಿಮ್ಮುತ್ತದೆ. ಏಡಿ, ಲಾಬ್‌ಸ್ಟರ್‌ಗಳಿಗೆ ಅದು ಬರೀ ಬಣ್ಣವಲ್ಲ, ಸಹಿಸಲಾಗದ ರುಚಿ ಕೂಡ. ಹಸಿರು ಪಾಚಿಯನ್ನಷ್ಟೇ ಕೊಟ್ಟು ಸಾಕಿದರೆ ಈ ನೇರಳೆ ಶಾಯಿ ತಯಾರಾಗುವುದೇ ಇಲ್ಲ.