ಕೇಳಿಸಿತ್ತು, ಆದರೆ ದಾಟಿರಲಿಲ್ಲ

ಕೈಯಳತೆಯಲ್ಲಿ ಕುಳಿತ ಇಬ್ಬರು ಪೈಲಟ್‌ಗಳು ಇಳಿಯುವ ಹೊತ್ತಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತಪ್ಪು ತಿಳಿಯುವುದು ಹೇಗೆ, ಸಹಪೈಲಟ್ ಗಟ್ಟಿಯಾಗಿ ಹೇಳಬಾರದೇ ಎಂದು ಕೇಳಿದ್ದೀರಿ. ಎಷ್ಟೋ ಸಲ ಮಾತು ಕಿವಿಗೆ ಬಿದ್ದಿರುತ್ತದೆ, ಅದರ ತೂಕ ಮಾತ್ರ ದಾಟಿರುವುದಿಲ್ಲ.

1990ರ ಜನವರಿ 25ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಇಳಿಯಬೇಕಿದ್ದ ಕೊಲಂಬಿಯಾದ ಏವಿಯಾಂಕಾ 52 ವಿಮಾನವನ್ನೇ ನೋಡಿ. ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತಿ ಇಂಧನ ತಳ ಕಂಡಿತ್ತು. ಮೊದಲ ಯತ್ನ ಕೈಗೂಡದೆ ಮತ್ತೆ ಮೇಲೇರುವಾಗ, ತುರ್ತು ಸ್ಥಿತಿ ಎಂದು ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಕರಿಗೆ ತಿಳಿಸುವಂತೆ ಕ್ಯಾಪ್ಟನ್ ಹೇಳಿದರು. ಸಹಪೈಲಟ್ ರೇಡಿಯೊದಲ್ಲಿ ಹೊಸ ದಿಕ್ಕನ್ನು ಖಚಿತಪಡಿಸಿ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ ಎಂದು, ಅದರ ಬಾಲಕ್ಕೆ ಇಂಧನ ಮುಗಿಯುತ್ತಿದೆ ಎಂದು ಸೇರಿಸಿದರು. 'ಎಮರ್ಜೆನ್ಸಿ' ಎಂಬ ಪದವೇ ಬರಲಿಲ್ಲ, ಹಾಗಾಗಿ ಆ ತುರ್ತಿನ ತೂಕ ನಿಯಂತ್ರಕರಿಗೆ ದಾಟಲಿಲ್ಲ. ತಿಳಿಸಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ, ಹೌದು ಸರ್, ಆಗಲೇ ತಿಳಿಸಿದ್ದೇನೆ ಎಂಬ ಉತ್ತರ. ಸುಳ್ಳೇನಲ್ಲ, ಕ್ಯಾಪ್ಟನ್ ತಿಳಿಸಲು ಹೇಳಿದ್ದು ಒಂದು, ಸಹಪೈಲಟ್ ರೇಡಿಯೊದಲ್ಲಿ ಹೇಳಿದ್ದು ಇನ್ನೊಂದು. ಎಂಜಿನ್‌ಗಳು ನಿಂತುಹೋದವು. 158 ಮಂದಿಯಲ್ಲಿ 73 ಮಂದಿ ಸತ್ತರು. ಬಿದ್ದ ವಿಮಾನಕ್ಕೆ ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಇರಲಿಲ್ಲ.

ಇನ್ನು ಸಹಪೈಲಟ್‌ನ ದನಿ. ನನ್ನ ಪ್ರಕಾರ ದೊಡ್ಡ ಶತ್ರು ವಿನಯವೇ. 'ಸ್ವಲ್ಪ ಎತ್ತರದಲ್ಲಿದ್ದೇವಲ್ಲವೇ ಸರ್?' ಎಂಬುದು ಎಚ್ಚರಿಕೆಯಲ್ಲ, ಸುಳಿವು. ರನ್‌ವೇಯ ಮೇಲೆಯೇ ಕಣ್ಣು ನೆಟ್ಟವರಿಗೆ ಸುಳಿವು ನಾಟುವುದಿಲ್ಲ. ಅದಕ್ಕೇ ಈಗ ಅನೇಕ ಸಂಸ್ಥೆಗಳಲ್ಲಿ ಇಬ್ಬರಲ್ಲಿ ಯಾರೇ 'ಗೋ ಅರೌಂಡ್' ಎಂದರೂ ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲೇರಿಸಲೇಬೇಕು. ಏಕೆ ಎಂಬ ಚರ್ಚೆ ಆಮೇಲೆ.