ಫ್ರೆಂಚರು ಒರಟರೇ? ಟುಲೂಸ್‌ಗೆ ಹೊರಟ ತಂಗಿಗೆ

ಸೆಪ್ಟೆಂಬರಿನಲ್ಲಿ ಓದಲು ಫ್ರಾನ್ಸಿನ ಟುಲೂಸ್‌ಗೆ ಬರುತ್ತಿದ್ದೀರಿ, ಆಮೇಲೆ ನಿಮ್ಮ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬೇಕು ಅಂದಿದ್ದೀರಿ. "ಫ್ರೆಂಚರು ಹೊರಗಿನವರನ್ನು ಕಂಡರೆ ಸಿಡುಕುತ್ತಾರಂತೆ, ಇಂಗ್ಲಿಷ್ ಗೊತ್ತಿದ್ದರೂ ಮಾತಾಡುವುದಿಲ್ಲವಂತೆ, ನಿಜವಾ ಅಕ್ಕಾ?" ಎಂದು ಕೇಳಿದ್ದೀರಿ. ಇಲ್ಲೇ ಸಂಸಾರ ಹೂಡಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸುತ್ತಿರುವವಳಾಗಿ ಹೇಳುತ್ತೇನೆ: ಅವರು ಒರಟರಲ್ಲ. ಆದರೆ ನಡೆನುಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅದು ಗೊತ್ತಿಲ್ಲದೆ ನಾಲ್ಕು ದಿನಕ್ಕೆ ಬಂದುಹೋಗುವವರು ಮನಸ್ಸು ನೋಯಿಸಿಕೊಂಡು ಹೋಗುತ್ತಾರೆ.

ನಮ್ಮಲ್ಲಿ ಅಂಗಡಿಗೆ ಹೋದರೆ "ಅರ್ಧ ಕೇಜಿ ಸಕ್ಕರೆ ಕೊಡಿ" ಎಂದೇ ಮಾತು ಶುರು. ಅದರಲ್ಲಿ ಯಾರಿಗೂ ಅಗೌರವ ಕಾಣುವುದಿಲ್ಲ. ಇಲ್ಲಿ ಹಾಗಲ್ಲ. ಅಂಗಡಿ ಅಂದರೆ ಅಂಗಡಿಯವರ ಮನೆ ಇದ್ದಂತೆ. ಒಳಗೆ ಕಾಲಿಟ್ಟ ಕೂಡಲೇ "ಬೊಂಜೂರ್ ಮದಾಮ್" (ನಮಸ್ಕಾರ ಅಮ್ಮ) ಅಥವಾ "ಬೊಂಜೂರ್ ಮಸ್ಯೂ" (ನಮಸ್ಕಾರ ಸ್ವಾಮಿ) ಅನ್ನಬೇಕು, ಅವರು ತಿರುಗಿ ಹೇಳುವವರೆಗೆ ಕಾಯಬೇಕು, ಆಮೇಲೆ ನಿಮ್ಮ ಕೆಲಸ. ಏನೂ ಕೊಳ್ಳದೆ ಹೊರಟರೂ "ಮೆರ್ಸಿ, ಒ ರೆವ್ವಾ" (ಧನ್ಯವಾದ, ಮತ್ತೆ ಸಿಗೋಣ) ಹೇಳಿಯೇ ಹೊರಡಬೇಕು. ಬಸ್ ಹತ್ತುವಾಗ ಡ್ರೈವರಿಗೆ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ, ಡಾಕ್ಟರ ಬಳಿ ಕಾಯುತ್ತ ಕೂತವರಿಗೆಲ್ಲ ಒಟ್ಟಿಗೆ, ಎಲ್ಲರಿಗೂ ಇದೇ ಕ್ರಮ. ಸಂಜೆಯಾದರೆ "ಬೊನ್‌ಸ್ವಾ". ಈ ಒಂದು ನಮಸ್ಕಾರ ಬಿಟ್ಟು ನೇರವಾಗಿ "ಎಕ್ಸ್‌ಕ್ಯೂಸ್ ಮಿ, ವೇರ್ ಈಸ್..." ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎದುರಿಗಿದ್ದವರ ಮುಖ ಗಂಟಿಕ್ಕುತ್ತದೆ. ಅವರ ಲೆಕ್ಕದಲ್ಲಿ ಮೊದಲು ಅಗೌರವ ತೋರಿಸಿದವರು ನಾವು. 2013ರಲ್ಲಿ ನೀಸ್ ಊರಿನ ಒಂದು ಕೆಫೆ ಹಾಕಿದ್ದ ದರಪಟ್ಟಿ ಸುದ್ದಿಯಾಗಿತ್ತು: ಬರೀ "ಒಂದು ಕಾಫಿ" ಎಂದರೆ 7 ಯೂರೋ, "ದಯವಿಟ್ಟು" ಸೇರಿಸಿದರೆ 4.25, ನಮಸ್ಕಾರವನ್ನೂ ಹೇಳಿದರೆ 1.40. ಮಾಲೀಕರು ತಮಾಷೆಗೆ ಹಾಕಿದ್ದು, ಆದರೆ ಬೋರ್ಡು ನೋಡಿದ ಅನೇಕ ಫ್ರೆಂಚರು ಮನಸಾರೆ ತಲೆದೂಗಿದ್ದರು.

ಇಂಗ್ಲಿಷಿನ ವಿಷಯ. ನಡುವಯಸ್ಸು ದಾಟಿದ ಅನೇಕರಿಗೆ ಇಂಗ್ಲಿಷ್ ಮಾತಾಡಲು ಸಂಕೋಚ, ಸೊಕ್ಕಲ್ಲ. ಇಲ್ಲಿನ ಶಾಲೆಯಲ್ಲಿ ಡಿಕ್ಟೇಷನ್ ಬರೆಸಿ, ಪ್ರತಿ ತಪ್ಪಿಗೂ ಅಂಕ ಕಳೆದು ಬೆಳೆಸಿದ್ದಾರೆ. ತಪ್ಪಾಗಿ ಮಾತಾಡುವುದಕ್ಕಿಂತ ಸುಮ್ಮನಿರುವುದು ಮೇಲು ಅನ್ನುವ ಅಂಜಿಕೆ ಉಳಿದುಕೊಂಡಿದೆ. ನೀವು ತಡವರಿಸಿಕೊಂಡಾದರೂ ಎರಡು ವಾಕ್ಯ ಫ್ರೆಂಚಿನಲ್ಲಿ ಆಡಿದರೆ ಅವರೇ ಇಂಗ್ಲಿಷಿಗೆ ಇಳಿಯುತ್ತಾರೆ. ಮಾತಿನ ಮಧ್ಯೆ ನಿಮ್ಮ ತಪ್ಪು ತಿದ್ದಿದರೆ ಬೇಸರಪಡಬೇಡಿ. ಅವರು ತಮ್ಮ ಮಕ್ಕಳನ್ನೂ ಊಟದ ಮೇಜಿನಲ್ಲಿ ಹಾಗೆಯೇ ತಿದ್ದುತ್ತಾರೆ.

ಹೋಟೆಲಿನಲ್ಲಿ ಅಪ್ಪ ಅಮ್ಮನಿಗೆ ತುಂಬ ಕಸಿವಿಸಿಯಾಗಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಧ್ಯಾಹ್ನದ ಊಟ 12ರಿಂದ 2ರವರೆಗೆ, ಆಮೇಲೆ ಅಡುಗೆಮನೆ ಬಂದ್. ಎರಡೂವರೆಗೆ ಹೋಗಿ "ಇಲ್ಲ" ಅನ್ನಿಸಿಕೊಂಡರೆ ಅದು ನಮ್ಮ ಬಣ್ಣ ನೋಡಿ ಹೇಳಿದ್ದಲ್ಲ, ಊರಿನವರಿಗೂ ಅದೇ ಉತ್ತರ. ಖಾಲಿ ಮೇಜು ಕಂಡಿತೆಂದು ಹೋಗಿ ಕೂರಬಾರದು, ಬಾಗಿಲಲ್ಲಿ ನಿಂತರೆ ಬಂದು ಕರೆದೊಯ್ಯುತ್ತಾರೆ. ಬಿಲ್ಲನ್ನು ನಾವು ಕೇಳುವವರೆಗೆ ತರುವುದಿಲ್ಲ. ತಿಂದಾದ ಮೇಲೆ ಬಿಲ್ಲು ತಂದಿಟ್ಟರೆ ಎದ್ದು ಹೋಗಿ ಅಂದಂತೆ ಎಂಬ ಭಾವನೆ ಅವರದು. ಮೆನುವಿನ ಬೆಲೆಯಲ್ಲೇ ಸರ್ವಿಸ್ ಸೇರಿರುತ್ತದೆ, ಮಾಣಿಗೆ ಸಂಬಳವಿದೆ, ಟಿಪ್ಸಿಗಾಗಿ ನಗಬೇಕಾದ ಪರಿಸ್ಥಿತಿ ಇಲ್ಲ. ಊಟದ ಜೊತೆ "ಕರಾಫ್ ದೋ" ಕೇಳಿದರೆ ನಲ್ಲಿ ನೀರನ್ನು ಜಗ್ಗಿನಲ್ಲಿ ಪುಕ್ಕಟೆ ಕೊಡಲೇಬೇಕು. ಸಸ್ಯಾಹಾರಿ ಅಂತಷ್ಟೇ ಹೇಳಿದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ, ಸಾಲಡ್‌ನಲ್ಲೂ ಹಂದಿಮಾಂಸದ ಚೂರು ಇರಬಹುದು. ಮಾಂಸ, ಮೀನು ಎರಡೂ ಬೇಡವೆಂದು ಬಿಡಿಸಿ ಹೇಳಿ. ಹಿಂದಿನ ದಿನವೇ ಫೋನ್ ಮಾಡಿ ಹೇಳಿದರೆ ಅನೇಕ ಕಡೆ ಅಡುಗೆಯವರು ಅಕ್ಕರೆಯಿಂದ ಬೇರೆಯೇ ಮಾಡಿಕೊಡುತ್ತಾರೆ. ಕೂತ ಮೇಲೆ "ಅದು ತೆಗೆದು ಇದು ಹಾಕಿ" ಎಂದರೆ ಮಾತ್ರ ಒಪ್ಪುವುದು ಕಷ್ಟ.

ಸಂತೆಯಲ್ಲೂ ಅಷ್ಟೆ. ಟೊಮೇಟೊ ಒತ್ತಿ ನೋಡುವ ನಮ್ಮ ಅಭ್ಯಾಸಕ್ಕೆ ಗದರುತ್ತಾರೆ, ಆರಿಸುವುದು ವ್ಯಾಪಾರಿಯ ಕೆಲಸ. ಅದೇ ವ್ಯಾಪಾರಿ ಕರಬೂಜ ಕೊಡುವ ಮುಂಚೆ "ಇವತ್ತು ತಿನ್ನಲಿಕ್ಕೋ, ನಾಳೆಗೋ?" ಎಂದು ಕೇಳಿ, ಮೂಸಿ, ಸರಿಯಾದ ಹಣ್ಣನ್ನೇ ಆರಿಸಿಕೊಡುತ್ತಾನೆ. ನನಗೆ ಇಲ್ಲಿನ ಜನರ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಕಡೆ.

ಪ್ಯಾರಿಸ್ ಬೇರೆಯೇ ಲೋಕ. ಅಲ್ಲಿ ಪ್ರವಾಸಿಗರ ದಂಡು, ಎಲ್ಲರಿಗೂ ಅವಸರ. ಒರಟುತನದ ಈ ದೂರು ಅಲ್ಲಿ ಎಷ್ಟು ಜೋರೆಂದರೆ, 2013ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ಮತ್ತು ಪ್ರವಾಸೋದ್ಯಮದವರೇ ಸೇರಿ, ಯಾವ ದೇಶದವರನ್ನು ಹೇಗೆ ಮಾತಾಡಿಸಬೇಕೆಂದು ಮಾಣಿಗಳಿಗೂ ಟ್ಯಾಕ್ಸಿಯವರಿಗೂ ಕೈಪಿಡಿ ಹಂಚಿದ್ದರು. ದಕ್ಷಿಣದ ನಮ್ಮ ಟುಲೂಸ್‌ನವರು ತಾವೇ ಪ್ಯಾರಿಸ್ಸಿನವರನ್ನು ಬಿಗುಮಾನದವರು ಅನ್ನುತ್ತಾರೆ. ಇಲ್ಲಿ ವಿಮಾನ ತಯಾರಿಸುವ ಏರ್‌ಬಸ್ ಕಂಪನಿ ಇರುವುದರಿಂದ ಹೊರಗಿನವರು ಹೊಸಬರೇನಲ್ಲ, ಬೆಂಗಳೂರು ಎಂದರೆ ಗೊತ್ತು ಅನ್ನುವವರೂ ಸಿಗುತ್ತಾರೆ.

ಇಷ್ಟೆಲ್ಲ ಅವರ ಪರ ವಾದಿಸಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಜನಾಂಗ ಭೇದ ಇಲ್ಲೂ ಇದೆ. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ "ಆಗಲೇ ಕೊಟ್ಟಾಯಿತು" ಎಂದದ್ದನ್ನು ನಾನು ಕೇಳಿದ್ದೇನೆ. ಅದನ್ನು "ಅವರ ಸಂಸ್ಕೃತಿಯೇ ಹಾಗೆ" ಎಂದು ನುಂಗಿಕೊಳ್ಳಬೇಡಿ. ಗುರುತಿಸುವ ದಾರಿ ಇದು: ನಿಮ್ಮ ಹಿಂದೆ ನಿಂತ ಫ್ರೆಂಚ್ ಹೆಂಗಸಿಗೂ ಅದೇ ಉತ್ತರ ಸಿಕ್ಕಿತೇ? ಸಿಕ್ಕಿದ್ದರೆ ಅದು ನಿಯಮ ಅಥವಾ ಆ ದಿನದ ಸಿಡುಕು. ನಿಮಗೊಬ್ಬರಿಗೇ ಆದರೆ ಬರೆದಿಟ್ಟುಕೊಳ್ಳಿ, ಸಂದೇಶಗಳನ್ನು ಅಳಿಸಬೇಡಿ. ಇಂಥ ದೂರಿಗೆ ದೇಶದ ಸ್ವತಂತ್ರ ಹಕ್ಕುರಕ್ಷಣಾ ಸಂಸ್ಥೆ "ದೆಫಾನ್ಸರ್ ದೆ ದ್ರುವಾ" ಇದೆ, ಅವರ ಸಹಾಯವಾಣಿ 3928.

ಸ್ನೇಹ ಇಲ್ಲಿ ನಿಧಾನ. ಸಹಪಾಠಿಗಳು ದಿನಾ ನಗುತ್ತ ಮಾತಾಡಿಸಿದರೂ ಮನೆಗೆ ಕರೆಯಲು ತಿಂಗಳುಗಟ್ಟಲೆ ಹಿಡಿಯಬಹುದು. ಕರೆದಾಗ ಬರಿಗೈಲಿ ಹೋಗಬೇಡಿ, ಹೇಳಿದ ಹೊತ್ತಿಗಿಂತ ಮುಂಚೆಯಂತೂ ಹೋಗಲೇಬೇಡಿ. ಕಾಲು ಗಂಟೆ ತಡವಾದರೆ ಅದೇ ಶಿಷ್ಟಾಚಾರ. ಒಮ್ಮೆ ಹತ್ತಿರವಾದರೆ ಆಪತ್ತಿಗೆ ನಿಲ್ಲುವ ಜನ. ನನ್ನ ಬಾಣಂತನದಲ್ಲಿ ಊರಿನಿಂದ ಯಾರೂ ಬರಲಾಗದಿದ್ದಾಗ, ಮೇಲಿನ ಮನೆಯ ಅಜ್ಜಿ ಹೇಳದೆ ಕೇಳದೆ ಸೂಪು ತಂದುಕೊಡುತ್ತಿದ್ದರು.

ನೀವು ಬರುವ ಸೆಪ್ಟೆಂಬರಿನಲ್ಲೇ ಊರೂರಲ್ಲಿ ಸಂಘಗಳ ಮೇಳ ನಡೆಯುತ್ತದೆ. ಚಾರಣ, ಹಾಡು, ನಾಟಕ, ಬ್ಯಾಡ್ಮಿಂಟನ್, ಯಾವುದಾದರೂ ಒಂದಕ್ಕೆ ಹೆಸರು ಕೊಡಿ. ಕ್ಲಾಸಿನಲ್ಲಿ ಆಗದ ಪರಿಚಯ ಅಲ್ಲಿ ಆಗುತ್ತದೆ. ಅಪ್ಪ ಅಮ್ಮನನ್ನು ಆಗಸ್ಟಿನಲ್ಲಿ ಕರೆಸಬೇಡಿ. ವಿಪರೀತ ಸೆಕೆ, ಅರ್ಧ ಅಂಗಡಿಗಳು ರಜೆಗೆ ಮುಚ್ಚಿರುತ್ತವೆ. ಮೇ ಕೊನೆಗೆ ಬಂದರೆ ನೆರೆಹೊರೆಯವರ ಹಬ್ಬ ಸಿಗಬಹುದು. 1999ರಲ್ಲಿ ಪ್ಯಾರಿಸ್ಸಿನ ಒಂದು ಬಡಾವಣೆಯಲ್ಲಿ ಶುರುವಾದದ್ದು, ಈಗ ದೇಶದ ತುಂಬ ಇದೆ. ಅಂಗಳದಲ್ಲಿ ಮೇಜು ಹಾಕಿ, ಮನೆಗೊಂದು ತಿಂಡಿ ತಂದು ಹಂಚಿಕೊಳ್ಳುತ್ತಾರೆ. ಅಮ್ಮನಿಗೆ ಹೇಳಿ ಕೋಡುಬಳೆ ಜಾಸ್ತಿಯೇ ಮಾಡಿಸಿಕೊಂಡು ತರಿಸಿ, ಇಲ್ಲಿ ಅದಕ್ಕೆ ಕೈಗಳು ಬೇಗ ಮುಂದೆ ಬರುತ್ತವೆ.